ಯುದ್ಧಕಾಲದ ನೌಕಾಪಡೆ ಪೈಲಟ್‌ಗಳಿಗೆ ಟ್ರೈನಿಂಗ್ ಬೇಸ್‌ನಲ್ಲಿ ದಿನ ಹೇಗೆ ಕಳೆಯುತ್ತಿತ್ತು?

ಕಾಗದದ ವಿಮಾನ:
ಎರಡನೇ ಮಹಾಯುದ್ಧದ ಅಮೆರಿಕನ್ ನೌಕಾಪಡೆ ಪೈಲಟ್‌ಗಳ ಬಗ್ಗೆ ಏನೇ ಓದಲು ಕೂತರೂ ಸೀದಾ 1942ರಲ್ಲಿ ಜಪಾನ್ ಜೊತೆ ನಡೆದ ಮಿಡ್‌ವೇ ಕದನಕ್ಕೇ ಹೋಗಿಬಿಡುತ್ತಾರೆ. ಅದಕ್ಕೂ ಮುಂಚೆ ಪೆನ್ಸಕೋಲಾ, ಕಾರ್ಪಸ್ ಕ್ರಿಸ್ಟಿ ಥರದ ಬೇಸ್‌ಗಳಲ್ಲಿ ತಿಂಗಳುಗಟ್ಟಲೆ ಇದ್ದರಲ್ಲ, ಅಲ್ಲಿ ಏನು ಮಾಡುತ್ತಿದ್ದರು? ಶತ್ರು ಹತ್ತಿರ ಇಲ್ಲ, ಗುಂಡಿನ ಭಯ ಇಲ್ಲ. ಹಾಸ್ಟೆಲ್ ಥರ ಆರಾಮಾಗಿ ಇದ್ದಿರಬೇಕು ಅಲ್ವಾ?

ಹಳೇ ರೆಕ್ಕೆ:
ಹಾಸ್ಟೆಲ್ ಅನ್ನುವುದು ಅರ್ಧ ಸರಿ. ವಯಸ್ಸೇನೋ ಹಾಸ್ಟೆಲ್ ಹುಡುಗರದ್ದೇ. ಮುಂದೆ ಅಧ್ಯಕ್ಷರಾದ ಸೀನಿಯರ್ ಬುಷ್‌ಗೆ 1943ರ ಜೂನ್‌ನಲ್ಲಿ ಕಾರ್ಪಸ್ ಕ್ರಿಸ್ಟಿಯಲ್ಲಿ ಪೈಲಟ್ ಆದದ್ದಕ್ಕೆ ಕೊಡುವ ಚಿನ್ನದ ರೆಕ್ಕೆಯ ಬ್ಯಾಡ್ಜ್ ಸಿಕ್ಕಾಗ ಇನ್ನೂ 19 ತುಂಬಿರಲಿಲ್ಲ. ಆದರೆ ಆರಾಮ ಎಲ್ಲಿ ಬಂತು! ಮೋರ್ಸ್ ಕೋಡ್, ದಿಕ್ಕು ಲೆಕ್ಕ, ಹವಾಮಾನ, ಬರೀ ಕಪ್ಪು ಆಕಾರ ನೋಡಿ ಯಾರ ವಿಮಾನ ಅಂತ ಹೇಳುವುದು, ಇದೆಲ್ಲ ನೆಲದ ಮೇಲಿನ ಪಾಠ. ಆಮೇಲೆ ಹಾರಾಟ.

ಮೊದಲು ಹತ್ತಿಸುತ್ತಿದ್ದದ್ದು ಸ್ಟಿಯರ್‌ಮನ್ ಅನ್ನುವ ಹಳದಿ ಬೈಪ್ಲೇನ್, ಅಂದರೆ ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯ ವಿಮಾನ, ಮೇಲೆ ಮುಚ್ಚಳ ಇಲ್ಲ. ಮುಂದಿನ ಸೀಟಿನಲ್ಲಿ ಮೇಷ್ಟ್ರು, ಹಿಂದೆ ಹುಡುಗ. ಇಬ್ಬರ ಮಧ್ಯೆ ಇದ್ದದ್ದು ಗಾಸ್ಪೋರ್ಟ್ ಕೊಳವೆ. ವೈರ್ ಇಲ್ಲ, ಕರೆಂಟ್ ಇಲ್ಲ, ಸುಮ್ನೆ ಒಂದು ಕೊಳವೆ: ಮೇಷ್ಟ್ರು ಆ ಕಡೆಯಿಂದ ಕೂಗಿದರೆ ಹುಡುಗನ ಹೆಲ್ಮೆಟ್ ಒಳಗೆ, ನೇರ ಕಿವಿಗೇ ಬರುತ್ತದೆ. ತಿರುಗಿ ಏನೂ ಹೇಳುವ ಹಾಗಿಲ್ಲ, ತಲೆ ಆಡಿಸಬೇಕು, ಅಷ್ಟೇ. ಬೈಗುಳಕ್ಕೆಂದೇ ಮಾಡಿದ ಸಾಧನ ಅನ್ನಿಸುತ್ತದೆ ನನಗೆ.

ಮಧ್ಯೆ ಮಧ್ಯೆ ಚೆಕ್ ಹಾರಾಟ. ಬೇರೆ ಮೇಷ್ಟ್ರು ಬಂದು ಕೂತು ಪರೀಕ್ಷೆ ಮಾಡಿ 'ಅಪ್' ಅಥವಾ 'ಡೌನ್' ಅನ್ನುತ್ತಾರೆ. ಡೌನ್ ಜಾಸ್ತಿಯಾದರೆ ವಾಷ್‌ಔಟ್, ಗಂಟುಮೂಟೆ ಕಟ್ಟುವುದೇ. ಎಷ್ಟೋ ಹುಡುಗರಿಗೆ ಜಪಾನೀಯರಿಗಿಂತ ಈ ಚೆಕ್ ಹಾರಾಟದ ಭಯವೇ ಜಾಸ್ತಿ ಇತ್ತು.

ನೀರುಕಾಗೆ:
ಮೇಲಿನವರು ಈಜುಕೊಳ ಬಿಟ್ಟಿದ್ದಾರೆ. ಪೆನ್ಸಕೋಲಾದಲ್ಲಿ ಯುದ್ಧದ ಕಾಲದಲ್ಲೇ ವಿಮಾನ ನೀರಿಗೆ ಬಿದ್ದರೆ ಹೊರಬರುವುದನ್ನು ಕಲಿಸಲು ಡಿಲ್ಬರ್ಟ್ ಡಂಕರ್ ಅಂತ ಒಂದು ಯಂತ್ರ ಮಾಡಿದರು. ಕಾಕ್‌ಪಿಟ್‌ನಲ್ಲಿ ಬೆಲ್ಟ್ ಹಾಕಿ ಕೂರಿಸಿ ಹಳಿಯ ಮೇಲೆ ಜಾರಿಸಿ ನೀರಿಗೆ ಬಿಡುತ್ತಾರೆ, ಅದು ತಲೆಕೆಳಗಾಗುತ್ತದೆ. ಬೆಲ್ಟ್ ಬಿಚ್ಚಿಕೊಂಡು ಮೇಲೆ ಬರಬೇಕು. ಮೂಗಿಗೆಲ್ಲ ನೀರು, ಯಾವ ಕಡೆ ಮೇಲು ಅಂತಲೇ ಗೊತ್ತಾಗುವುದಿಲ್ಲ.

ಕೊನೆಗೆ ಹಡಗಿನ ಮೇಲೆ ಇಳಿಯುವ ಪರೀಕ್ಷೆ, ಅದೂ ಮಿಷಿಗನ್ ಸರೋವರದಲ್ಲಿ.

ಕಾಗದದ ವಿಮಾನ:
ಸರೋವರದಲ್ಲಿ ವಿಮಾನವಾಹಕ ನೌಕೆನಾ? ತಮಾಷೆ ಮಾಡ್ತಿದೀರಾ?

ನೀರುಕಾಗೆ:
ಇಲ್ಲ ಸ್ವಾಮಿ, ಒಂದಲ್ಲ, ಎರಡು! ವೂಲ್ವರಿನ್ 1942ರಲ್ಲಿ, ಸೇಬಲ್ 1943ರಲ್ಲಿ. ಎರಡೂ ಪಕ್ಕದಲ್ಲಿ ದೊಡ್ಡ ಚಕ್ರ ತಿರುಗಿಸಿಕೊಂಡು ಹೋಗುತ್ತಿದ್ದ ಕಲ್ಲಿದ್ದಲಿನ ಪ್ರಯಾಣಿಕರ ಹಡಗುಗಳು, ಮೇಲಿನದೆಲ್ಲ ಕಿತ್ತು ಸುಮಾರು 550 ಅಡಿ ಡೆಕ್ ಹಾಕಿದರು. ಸಮುದ್ರದಲ್ಲಾದರೆ ಜಲಾಂತರ್ಗಾಮಿಗಳ ಕಾಟ, ಇಲ್ಲಿ ಅದಿಲ್ಲ. ಆದರೆ ಹಡಗು ನಿಧಾನ, ಡೆಕ್ ಮೇಲೆ ಇಳಿಯಲು ಬೇಕಾದಷ್ಟು ಎದುರುಗಾಳಿ ಅದರ ಓಟದಿಂದಲೇ ಸಿಗುವುದಿಲ್ಲ. ಗಾಳಿ ಇಲ್ಲದ ದಿನ ಭಾರದ ವಿಮಾನಗಳನ್ನು ಇಳಿಸುವ ಹಾಗೇ ಇಲ್ಲ, ಹುಡುಗರು ಸರೋವರದ ಹತ್ತಿರದ ಗ್ಲೆನ್‌ವ್ಯೂ ಬೇಸ್‌ನಲ್ಲಿ ಗಾಳಿಗೆ ಕಾಯುತ್ತಾ ಕೂರಬೇಕು. ಡೆಕ್ ಕೆಳಗೆ ಹ್ಯಾಂಗರ್ ಕೂಡ ಇಲ್ಲ, ವಿಮಾನ ಜಖಂ ಆದರೆ ಅಲ್ಲೇ ಮೇಲೇ ನಿಲ್ಲಿಸಬೇಕು, ಜಾಗ ಮುಗಿದರೆ ಅವತ್ತಿನ ಪಾಠವೂ ಮುಗಿಯಿತು. ಹೀಗಿದ್ದೂ ಸುಮಾರು 17,000 ಪೈಲಟ್‌ಗಳು ಅಲ್ಲೇ ಪಾಸಾದರು. ನೂರಕ್ಕೂ ಹೆಚ್ಚು ವಿಮಾನ ನೀರುಪಾಲಾದವು. ಹುಡುಗರಲ್ಲಿ ಬಹಳಷ್ಟು ಜನ ಬದುಕಿಕೊಂಡರು, ಎಲ್ಲರೂ ಅಲ್ಲ.

ಹಳೇ ರೆಕ್ಕೆ:
ಮಿಡ್‌ವೇ ಅಂದಿರಲ್ಲ, ಒಂದು ವಿಷಯ. ಆ ಕದನದಲ್ಲಿ ಇನ್ನೂರಕ್ಕೂ ಹೆಚ್ಚು ತೂತು ಬಿದ್ದರೂ ವಾಪಸ್ ಬಂದ ಒಂದು ಡಾಂಟ್‌ಲೆಸ್ ಬಾಂಬರ್ ಇತ್ತು. ರಿಪೇರಿ ಮಾಡಿ ಟ್ರೈನಿಂಗ್‌ಗೆ ಕೊಟ್ಟರು. 1943ರ ಜೂನ್‌ನಲ್ಲಿ ಸೇಬಲ್ ಮೇಲೆ ಇಳಿಯಲು ಹೋದ ಪೈಲಟ್ ಅದನ್ನು ಸರೋವರಕ್ಕೆ ಹಾಕಿದ. 1994ರಲ್ಲಿ ಮೇಲೆತ್ತಿದರು, ತಣ್ಣನೆಯ ಸಿಹಿನೀರಾದ್ದರಿಂದ ತುಕ್ಕು ಅಷ್ಟೇನೂ ತಿಂದಿರಲಿಲ್ಲ. ಈಗ ಪೆನ್ಸಕೋಲಾ ಮ್ಯೂಸಿಯಂನಲ್ಲಿದೆ, ಗುಂಡಿನ ತೂತುಗಳಿಗೆ ಹಾಕಿದ ತೇಪೆಗಳ ಸಮೇತ.