ಫ್ರೀಬಿಎಸ್‌ಡಿ 14.2: 0 ಎ.ಡಿ. ತೆವಳುತ್ತಿದೆ, ವೈನ್‌ನಲ್ಲಿ ಎಂಪೈರ್ಸ್ ತೆರೆಯುವುದೇ ಇಲ್ಲ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಒಂದು ದೂರೂ ಇಲ್ಲದೆ ಆಟ ಆಡಿಸುತ್ತಿದ್ದ ಯಂತ್ರ ಈಗ ಮುಷ್ಕರ ಹೂಡಿದೆ. 0 ಎ.ಡಿ. ಎಂಬ ಯುದ್ಧತಂತ್ರದ ಆಟ ಮೆನುವಿನಲ್ಲೇ ತಡವರಿಸುತ್ತದೆ, ನಕ್ಷೆ ತೆರೆದ ಮೇಲೆ ಒಬ್ಬ ಕುದುರೆ ಸವಾರನನ್ನು ಆರಿಸಿ ನದಿಯಾಚೆ ಕಳುಹಿಸಿದರೆ, ಮೌಸ್ ಒತ್ತಿದ್ದಕ್ಕೂ ಕುದುರೆ ಹೊರಟಿದ್ದಕ್ಕೂ ನಡುವೆ ಒಂದು ಗುಟುಕು ಕಾಫಿ ಕುಡಿಯುವಷ್ಟು ಪುರುಸೊತ್ತು ಸಿಗುತ್ತದೆ. ವಿಂಡೋಸ್ ಆಟಗಳನ್ನು ಓಡಿಸುವ ವೈನ್‌ನಲ್ಲಿರುವ ಏಜ್ ಆಫ್ ಎಂಪೈರ್ಸ್ 2 ಅಂತೂ ಐಕಾನ್ ಒತ್ತಿದರೆ ಉಸಿರೇ ಎತ್ತುವುದಿಲ್ಲ, ಕನಿಷ್ಠ ಒಂದು ದೋಷದ ಸಂದೇಶವೂ ಬರುವುದಿಲ್ಲ. ಕಾರ್ಡ್ ರೇಡಿಯಾನ್ ಆರ್‌ಎಕ್ಸ್ 580, ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿ 14.2. ನಾನು ಏನನ್ನೂ ಬದಲಿಸಿಲ್ಲ. ಲಿನಕ್ಸ್ ಹಾಕಿಕೊಳ್ಳಿ ಎಂಬ ಸಲಹೆಯನ್ನು ದಯವಿಟ್ಟು ಯಾರೂ ಕೊಡಬೇಡಿ.

ಕರ್ನಲ್‌ಭಟ್ಟ:
ಇದು ಡಿಆರ್‌ಎಂ-ಕೆಮಾಡ್, ಅಂದರೆ ಸಿಸ್ಟಂನ ತಿರುಳಾದ ಕರ್ನಲ್‌ಗೆ ಸೇರುವ ಗ್ರಾಫಿಕ್ಸ್ ಮಾಡ್ಯೂಲಿನ ಸಮಸ್ಯೆ, ಅನುಮಾನವೇ ಬೇಡ. ಫ್ರೀಬಿಎಸ್‌ಡಿಯ ಸಿದ್ಧ ಪ್ಯಾಕೇಜುಗಳನ್ನು ಆಯಾ ಸರಣಿಯಲ್ಲಿ ಇನ್ನೂ ಬೆಂಬಲವಿರುವ ಅತ್ಯಂತ ಹಳೆಯ ಬಿಡುಗಡೆಯ ಮೇಲೆ ಕಟ್ಟುತ್ತಾರೆ. 2024ರ ಡಿಸೆಂಬರ್‌ನಲ್ಲಿ 14.2 ಬಂದಾಗ ಪ್ಯಾಕೇಜುಗಳು 14.1ರ ಕರ್ನಲ್‌ಗೆ ಕಟ್ಟಿದವಾಗಿದ್ದರಿಂದ, ಗ್ರಾಫಿಕ್ಸ್ ಮಾಡ್ಯೂಲ್ ಹೊಸ ಕರ್ನಲ್‌ಗೆ ಹೊಂದದೆ ಬಹಳ ಜನ ಕಪ್ಪು ಪರದೆ ನೋಡಿದರು. ಮೂಲ ಕೋಡ್‌ನಿಂದ ಕಟ್ಟುವ ಪೋರ್ಟ್ಸ್ ವ್ಯವಸ್ಥೆಯಿಂದ ಮಾಡ್ಯೂಲನ್ನು ನೀವೇ ಕಂಪೈಲ್ ಮಾಡಿ, ರೀಬೂಟ್ ಮಾಡಿ.

ಹಳೇಪೆಂಟಿಯಂ:
ಕಂಪೈಲ್ ಮಾಡುವ ಮುನ್ನ ಎರಡು ವಿಷಯ ತಿಳಿಸಿ. ಲೋಡ್ ಆದ ಮಾಡ್ಯೂಲುಗಳನ್ನು ತೋರಿಸುವ ಕೆಎಲ್‌ಡಿಸ್ಟ್ಯಾಟ್ ಪಟ್ಟಿಯಲ್ಲಿ ನಿಮ್ಮ ಕಾರ್ಡಿನ ಡ್ರೈವರ್ ಎಎಂಡಿಜಿಪಿಯು ಕಾಣಿಸುತ್ತದೆಯೇ? ಜಿಎಲ್‌ಎಕ್ಸ್‌ಇನ್ಫೋ ಓಡಿಸಿದರೆ ರೆಂಡರರ್ (ಚಿತ್ರ ಬಿಡಿಸುವುದು ಯಾವುದು) ಎಂಬ ಸಾಲಿನಲ್ಲಿ ಏನು ಬರುತ್ತದೆ?

ತುಂಗಾತೀರ:
ಕೆಎಲ್‌ಡಿಸ್ಟ್ಯಾಟ್‌ನಲ್ಲಿ ಎಎಂಡಿಜಿಪಿಯು ಇದೆ. ರೆಂಡರರ್ ಸಾಲಿನಲ್ಲಿ ಎಲ್‌ಎಲ್‌ವಿಎಂಪೈಪ್ ಎಂದು ಬಂದಿದೆ. ಇದು ಕಾರ್ಡಿನ ಹೆಸರೋ ಏನೋ ನನಗೆ ಗೊತ್ತಿಲ್ಲ, ಅಂಗಡಿಯವನು ಬೇರೆ ಕಾರ್ಡನ್ನು ತಗಲಿಸಿದ್ದಾನೆಯೇ?

ಕರ್ನಲ್‌ಭಟ್ಟ:
ನಾನು ಹೇಳಲಿಲ್ಲವೇ? ಎಲ್‌ಎಲ್‌ವಿಎಂಪೈಪ್ ಎಂದರೆ ಕಾರ್ಡು ಸುಮ್ಮನೆ ಕೂತಿದೆ, ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಪ್ರೊಸೆಸರ್ ಮಾಡುತ್ತಿದೆ. ಮಾಡ್ಯೂಲ್ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅದು ಸರಿಯಾಗಿ ನಡೆಯುತ್ತಿದೆ ಎಂದಲ್ಲ. ನಾನು ಎಲ್ಲ ಪ್ಯಾಕೇಜುಗಳನ್ನೂ ನನ್ನದೇ ಪೂಡ್ರಿಯೇರ್ ಎಂಬ ಕಟ್ಟುವ ಉಪಕರಣದಲ್ಲಿ ಕಟ್ಟಿಕೊಳ್ಳುತ್ತೇನೆ. ಹದಿನಾರು ಕೋರ್, ಜಡ್‌ಎಫ್‌ಎಸ್ ಮಿರರ್, ಪ್ರತಿ ಅಪ್‌ಗ್ರೇಡಿಗೂ ಮೊದಲು ಹೊಸ ಬೂಟ್ ಎನ್ವಿರಾನ್ಮೆಂಟ್. ಇಂಥ ತಾಪತ್ರಯ ನನ್ನ ಮನೆಯ ಹೊಸಿಲು ತುಳಿದಿಲ್ಲ.

ಪೋರ್ಟ್ಸ್‌ಬೇಡ:
ಭಟ್ಟರೇ, ನಿಮ್ಮ ಮಾಹಿತಿಗೆ ಸ್ವಲ್ಪ ಧೂಳು ಹಿಡಿದಿದೆ. 14.1ರ ಬೆಂಬಲ 2025ರ ಮಾರ್ಚ್ 31ಕ್ಕೆ ಮುಗಿದ ಮೇಲೆ ಪ್ಯಾಕೇಜುಗಳನ್ನು 14.2ಕ್ಕೇ ಕಟ್ಟತೊಡಗಿದರು. ಅದೂ ಅಲ್ಲದೆ, ಕರ್ನಲ್ ಮಾಡ್ಯೂಲುಗಳಿಗಾಗಿಯೇ ಪ್ರತ್ಯೇಕ ಕೆಮಾಡ್ಸ್ ರೆಪಾಸಿಟರಿಯನ್ನು (ಪ್ಯಾಕೇಜ್ ಭಂಡಾರವನ್ನು) 14.2ರಿಂದ ಕೊಟ್ಟಿದ್ದಾರೆ. ಸಿದ್ಧ ಪ್ಯಾಕೇಜ್ ಹಾಕಿಕೊಂಡವರನ್ನು ಕಂಡಾಗಲೆಲ್ಲ ಪೋರ್ಟ್ಸ್ ಕಂಪೈಲ್ ಮಾಡಿ ಎನ್ನುವುದು ಸಹಾಯವಲ್ಲ.

ಕರ್ನಲ್‌ಭಟ್ಟ:
ಹಳೆಯ ಯಂತ್ರದ ಸ್ವಂತ ರೆಪಾಸಿಟರಿ ಸಂರಚನೆ ಉಳಿದುಕೊಂಡಿದ್ದರೆ ಆ ಕೆಮಾಡ್ಸ್ ರೆಪಾಸಿಟರಿ ಬಳಕೆಗೇ ಬಾರದಿರಬಹುದು ಎಂಬುದನ್ನೂ ಸೇರಿಸಿ ಹೇಳಬೇಕಿತ್ತು. ಪ್ಯಾಕೇಜುಗಳ ತ್ರೈಮಾಸಿಕ ಶಾಖೆ, ಇತ್ತೀಚಿನ ಶಾಖೆ ಎರಡನ್ನೂ ಬೆರೆಸಿಕೊಂಡು ಕೂತವರ ಪಾಡು ನಿಮಗೆ ಗೊತ್ತಿಲ್ಲ.

ಹಳೇಪೆಂಟಿಯಂ:
ರೆಪಾಸಿಟರಿಯ ಜಗಳವನ್ನು ಬೇರೆ ಎಳೆಯಲ್ಲಿ ಮುಂದುವರಿಸಬಹುದು. ಮಾಡ್ಯೂಲ್ ಹೊಂದದಿದ್ದರೆ ಅದು ಲೋಡ್ ಆಗುವ ಹಂತದಲ್ಲೇ ಆವೃತ್ತಿ ಹೊಂದಾಣಿಕೆಯಿಲ್ಲ ಎಂಬ ದೂರು ಕಾಣಿಸುತ್ತದೆ, ಇಲ್ಲವೇ ಯಂತ್ರವೇ ಕುಸಿಯುತ್ತದೆ. ಇಲ್ಲಿ ಎರಡೂ ಆಗಿಲ್ಲ. ತುಂಗಾತೀರ ಅವರೇ, ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಡಿಆರ್‌ಎಂ ಆರಂಭವಾದ ಸಾಲುಗಳಿವೆಯೇ ನೋಡಿ. ಹಾಗೆಯೇ, ಆಟ ಆಡುವ ಖಾತೆಯಿಂದಲೇ ಖಾತೆಯ ಗುಂಪುಗಳನ್ನು ತೋರಿಸುವ ಐಡಿ ಎಂಬ ಆದೇಶ ಕೊಟ್ಟು, ಬಂದ ಉತ್ತರವನ್ನು ಪೂರ್ತಿ ಇಲ್ಲಿ ಹಾಕಿ.

ತುಂಗಾತೀರ:
ಡಿಆರ್‌ಎಂ ಸಾಲುಗಳು ಚೆನ್ನಾಗಿಯೇ ಇವೆ, ಕಾರ್ಡಿನ ಚಿಪ್ ಹೆಸರೂ ಪೋಲಾರಿಸ್ ಎಂದು ಸರಿಯಾಗಿ ಬಂದಿದೆ. ಐಡಿ ಕೊಟ್ಟರೆ ಬರುವುದು ‘ಚಿನ್ನು’ ಎಂಬ ಬಳಕೆದಾರ, ‘ಚಿನ್ನು’ ಎಂಬ ಒಂದೇ ಗುಂಪು. ಬೇಸಿಗೆ ರಜೆಗೆ ಬಂದಿರುವ ಸೋದರಳಿಯನಿಗಾಗಿ ಬೇರೆ ಖಾತೆ ತೆರೆದುಕೊಟ್ಟಿದ್ದೇನೆ, ಇಲ್ಲದಿದ್ದರೆ ನನ್ನ ಕಡತಗಳೆಲ್ಲ ಅವನ ಪಾಲಾಗುತ್ತವೆ. ನನ್ನ ಖಾತೆಯಲ್ಲಿ ಎರಡೂ ಆಟಗಳು ಈಗಲೂ ಚೆನ್ನಾಗಿ ಓಡುತ್ತವೆ, ಆದರೆ ಅದು ಇಲ್ಲಿ ಮುಖ್ಯವಲ್ಲ ಎಂದುಕೊಂಡಿದ್ದೇನೆ. ವೈನ್‌ನ ಆಟಗಳಿರುವ ನನ್ನ ಡಾಟ್-ವೈನ್ ಫೋಲ್ಡರನ್ನು ಹಾಗೇ ಅವನ ಹೋಮ್‌ಗೆ ನಕಲು ಮಾಡಿದಾಗ, ಈ ಫೋಲ್ಡರ್ ನಿನ್ನದಲ್ಲ ಎಂದು ವೈನ್ ತಕರಾರು ಮಾಡಿತು. ಒಡೆತನ ಬದಲಿಸಿದ ಮೇಲೆ ಆ ತಕರಾರು ನಿಂತಿದೆ.

ಹಳೇಪೆಂಟಿಯಂ:
ಮುಖ್ಯವಾದದ್ದು ಅದೊಂದೇ. ಏನನ್ನೂ ಬದಲಿಸಿಲ್ಲ ಎಂದು ಬರೆದವರು ಹೊಸ ಖಾತೆ ತೆರೆದ ವಿಷಯವನ್ನು ಮೊದಲ ಸಾಲಿನಲ್ಲೇ ಹೇಳಿದ್ದರೆ ಭಟ್ಟರ ಪೂಡ್ರಿಯೇರ್ ದರ್ಶನ ನಮಗೆ ತಪ್ಪುತ್ತಿತ್ತು.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಕೂತಿವೆ. ಮೊದಲನೆಯದು 0 ಎ.ಡಿ.ಯದು. ಗ್ರಾಫಿಕ್ಸ್ ಕಾರ್ಡಿನ ಸಾಧನ ಕಡತ ಡೆವ್ ಅಡಿಯ ಡಿಆರ್‌ಐ ಫೋಲ್ಡರಿನಲ್ಲಿ ಕಾಣಿಸುತ್ತದೆ; ಸಿಸ್ಟಂನ ಒಡೆಯನಾದ ರೂಟ್ ಖಾತೆಯನ್ನು ಬಿಟ್ಟರೆ ಅದನ್ನು ತೆರೆಯುವ ಅಧಿಕಾರ ವಿಡಿಯೋ ಎಂಬ ಗುಂಪಿನವರಿಗೆ ಮಾತ್ರ. ನಿಮ್ಮನ್ನು ಆ ಗುಂಪಿಗೆ ನೀವು ಎಂದೋ ಸೇರಿಸಿಕೊಂಡಿದ್ದೀರಿ, ಹುಡುಗನನ್ನು ಸೇರಿಸಿಲ್ಲ. ಬಾಗಿಲು ತೆರೆಯದಿದ್ದಾಗ ಗ್ರಾಫಿಕ್ಸ್ ಲೈಬ್ರರಿಯಾದ ಮೆಸಾ ಗದ್ದಲ ಮಾಡದೆ ಸಾಫ್ಟ್‌ವೇರ್ ರೆಂಡರಿಂಗ್‌ಗೆ ಇಳಿದುಬಿಡುತ್ತದೆ, ಆದ್ದರಿಂದ ಆಟ ತೆರೆಯುತ್ತದೆ, ಓಡುವುದಿಲ್ಲ. ರೂಟ್ ಆಗಿ ಪಿಡಬ್ಲ್ಯೂ ಗ್ರೂಪ್‌ಮಾಡ್ ಬಳಸಿ ಚಿನ್ನುವನ್ನು ವಿಡಿಯೋ ಗುಂಪಿಗೆ ಸೇರಿಸಿ. ಆ ಖಾತೆಯಿಂದ ಪೂರ್ತಿ ಲಾಗ್‌ಔಟ್ ಆಗಿ ಮತ್ತೆ ಒಳಬರಬೇಕು. ಹಳೆಯ ಸೆಷನ್‌ಗೆ ಹೊಸ ಗುಂಪಿನ ಅರಿವಿರುವುದಿಲ್ಲ.

ಎರಡನೆಯದು ಎಂಪೈರ್ಸ್. ಅದು 32-ಬಿಟ್ ಆಟ. ಫ್ರೀಬಿಎಸ್‌ಡಿಯಲ್ಲಿ 64-ಬಿಟ್ ವೈನ್ ಇಡೀ ಸಿಸ್ಟಂಗೆ ಒಂದೇ ಇದ್ದರೂ, ಅದರ 32-ಬಿಟ್ ಅರ್ಧಭಾಗ ಪ್ರತಿ ಬಳಕೆದಾರನ ಹೋಮ್‌ನಲ್ಲಿ ಡಾಟ್-ಐ386-ವೈನ್-ಪಿಕೆಜಿ ಎಂಬ ಅಡಗಿದ ಫೋಲ್ಡರಿನಲ್ಲಿ ಪ್ರತ್ಯೇಕವಾಗಿ ಕೂತಿರುತ್ತದೆ. ನೀವು ನಕಲು ಮಾಡಿದ ಡಾಟ್-ವೈನ್‌ನಲ್ಲಿ ಆಟವಿದೆ, ಆಟವನ್ನು ಓಡಿಸುವ ವೈನ್ ಇಲ್ಲ. ಐಕಾನ್ ಬಿಟ್ಟು ಟರ್ಮಿನಲ್‌ನಿಂದ ಓಡಿಸಿದ್ದರೆ ಅದು ಇದನ್ನೇ ಹೇಳಿ ನಿಲ್ಲುತ್ತಿತ್ತು. ಚಿನ್ನುವಿನ ಖಾತೆಯಿಂದಲೇ, ರೂಟ್ ಆಗದೆ, ವೈನ್ ಜೊತೆ ಬರುವ ಪಿಕೆಜಿ32 ಸ್ಕ್ರಿಪ್ಟ್ ಓಡಿಸಿ ವೈನ್, ಗ್ರಾಫಿಕ್ಸ್ ಡ್ರೈವರುಗಳಿರುವ ಮೆಸಾ-ಡಿಆರ್‌ಐ ಎರಡನ್ನೂ ಹಾಕಿ.

ಪೋರ್ಟ್ಸ್‌ಬೇಡ:
ಇಷ್ಟೆಲ್ಲ ಸರ್ಕಸ್ ಏಕೆ? 2024ರ ಜನವರಿಯಲ್ಲಿ ಬಂದ ವೈನ್ 9.0ರಿಂದಲೇ ಹೊಸ ವಾವ್64 ವಿಧಾನವಿದೆ. 32-ಬಿಟ್ ಯುನಿಕ್ಸ್ ಲೈಬ್ರರಿಗಳ ಹಂಗಿಲ್ಲದೆಯೇ 32-ಬಿಟ್ ಆಟಗಳು ಓಡುತ್ತವೆ.

ಕರ್ನಲ್‌ಭಟ್ಟ:
ಓಡುತ್ತವೆ, ಆದರೆ ಆ ವಿಧಾನದಲ್ಲಿ, ಚಿತ್ರ ಬಿಡಿಸಲು ಬಳಸುವ ಓಪನ್‌ಜಿಎಲ್‌ನ ಮೆಮರಿ ಮ್ಯಾಪಿಂಗ್ ನಿಧಾನವಾಗುತ್ತದೆ ಎಂದು 9.0ರ ಬಿಡುಗಡೆ ಟಿಪ್ಪಣಿಯಲ್ಲೇ ಬರೆದಿದ್ದರು. ಎಂಪೈರ್ಸ್‌ನಂಥ ಹಳೆಯ ಡೈರೆಕ್ಟ್‌ಡ್ರಾ ಆಟಗಳನ್ನು ವೈನ್ ತೋರಿಸುವುದು ಓಪನ್‌ಜಿಎಲ್ ಮೂಲಕವೇ. ಕಂಪೈಲ್ ಮಾಡುವುದಕ್ಕೆ ಹೆದರುವವರು ಆ ಆಯ್ಕೆಯನ್ನು ಹೇಗೆ ಪರೀಕ್ಷಿಸುತ್ತಾರೋ ತಿಳಿಯದು.

ತುಂಗಾತೀರ:
ಗುಂಪಿಗೆ ಸೇರಿಸಿದ ಮೇಲೆ ರೆಂಡರರ್ ಸಾಲಿನಲ್ಲಿ ರೇಡಿಯಾನ್ ಬಂದಿದೆ, 0 ಎ.ಡಿ. ನೆಟ್ಟಗಾಗಿದೆ. ಎಂಪೈರ್ಸ್ ಮಾತ್ರ ಈಗ ಕಪ್ಪು ಕಿಟಕಿಯೊಂದನ್ನು ತೆರೆದು ತಕ್ಷಣ ಮುಚ್ಚಿಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ರೇಡಿಯಾನ್‌ಎಸ್‌ಐ ಡ್ರೈವರ್ ಸಿಗಲಿಲ್ಲ, ಎಸ್‌ಡಬ್ಲ್ಯೂರಾಸ್ಟ್ ಕೂಡ ಸಿಗಲಿಲ್ಲ ಎಂದು ಬಂದಿದೆ.

ಹಳೇಪೆಂಟಿಯಂ:
ವೈನ್ ಒಂದನ್ನೇ ಹಾಕಿದ್ದೀರಿ. ಸಾಫ್ಟ್‌ವೇರ್ ರೆಂಡರರ್ ಆದ ಎಸ್‌ಡಬ್ಲ್ಯೂರಾಸ್ಟ್ ಕೂಡ ಮೆಸಾ-ಡಿಆರ್‌ಐ ಪ್ಯಾಕೇಜಿನಲ್ಲೇ ಬರುವುದರಿಂದ, ಅದಿಲ್ಲದಿದ್ದರೆ 32-ಬಿಟ್ ಆಟಕ್ಕೆ ನಿಧಾನವಾಗಿ ಓಡುವ ದಾರಿಯೂ ಇರುವುದಿಲ್ಲ. ಅದೇ ಸ್ಕ್ರಿಪ್ಟಿನಿಂದ ಅದನ್ನೂ ಸೇರಿಸಿ. ಇನ್ನು ಮುಂದೆ ಪಿಕೆಜಿ ಅಪ್‌ಗ್ರೇಡ್ ಮಾಡಿದಾಗಲೆಲ್ಲ ಎರಡೂ ಖಾತೆಗಳಲ್ಲಿ ಪಿಕೆಜಿ32 ಅಪ್‌ಗ್ರೇಡನ್ನೂ ಓಡಿಸಬೇಕು, ಇಲ್ಲವಾದರೆ ವೈನ್‌ನ ಎರಡು ಭಾಗಗಳ ಆವೃತ್ತಿ ಬೇರೆ ಬೇರೆಯಾಗಿ ಮತ್ತೆ ಇಲ್ಲಿಗೇ ಬರುತ್ತೀರಿ.

ತುಂಗಾತೀರ:
ಆಟ ತೆರೆಯಿತು, ಧನ್ಯವಾದಗಳು. ಚಿನ್ನು ಆಗಲೇ ಹಳ್ಳಿ ಕಟ್ಟಲು ಕೂತಿದ್ದಾನೆ. ಆದರೆ ಶಬ್ದ ಹೆಡ್‌ಫೋನಿಗೆ ಬಾರದೆ ಎಚ್‌ಡಿಎಂಐ ಮಾನಿಟರಿನಿಂದ ಬರುತ್ತಿದೆ. ಇದೂ ಗುಂಪಿನ ಸಮಸ್ಯೆಯೇ?

ಹಳೇಪೆಂಟಿಯಂ:
ಅಲ್ಲ. ಡೆವ್ ಅಡಿಯ ಎಸ್‌ಎನ್‌ಡಿಸ್ಟ್ಯಾಟ್ ಕಡತವನ್ನು ಓದಿ, ಹೆಡ್‌ಫೋನಿನ ಪಿಸಿಎಂ (ಶಬ್ದ ಸಾಧನ) ಸಂಖ್ಯೆ ಎಷ್ಟೆಂದು ನೋಡಿ, ಸಿಸ್‌ಕಂಟ್ರೋಲ್‌ನಲ್ಲಿ ಎಸ್‌ಎನ್‌ಡಿ ಡೀಫಾಲ್ಟ್ ಯೂನಿಟ್‌ಗೆ ಆ ಸಂಖ್ಯೆಯನ್ನು ಕೊಡಿ. ಆಟವನ್ನು ಮುಚ್ಚಿ ಮತ್ತೆ ತೆರೆಯಿರಿ.

ಕರ್ನಲ್‌ಭಟ್ಟ:
ಎಲ್ಲ ಸರಿ, ಆದರೆ 14.3ಕ್ಕೆ ಹೋಗುವಾಗ ಡಿಆರ್‌ಎಂ-ಕೆಮಾಡನ್ನು ಪೋರ್ಟ್ಸ್‌ನಿಂದಲೇ ಕಟ್ಟಿಕೊಳ್ಳಿ.