ಡಿಫರೆನ್ಷಿಯಲ್ ಆಂಪ್: ಒಂದು ಕಲೆಕ್ಟರ್ 0.7 ವೋಲ್ಟ್, ಇನ್ನೊಂದು 12. ಯಾಕೆ?

ಬೆಸುಗೆ_ಹುಡುಗ: ತಲೆ ಕೆಟ್ಟುಹೋಗಿದೆ. ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಹಿಗ್ಗಿಸುವ ಸರ್ಕ್ಯೂಟ್ ಕಟ್ಟಿದ್ದೇನೆ. ಎರಡು ಬಿಸಿ547 ಟ್ರಾನ್ಸಿಸ್ಟರ್, ಸಪ್ಲೈ ಪ್ಲಸ್-ಮೈನಸ್ 12. ಕಲೆಕ್ಟರ್‌ಗಳಿಗೆ ತಲಾ 10ಕೆ ರೆಸಿಸ್ಟರ್, ಎಮಿಟರ್‌ಗಳು ಸೇರುವಲ್ಲಿಂದ ಮೈನಸ್‌ಗೆ ಇನ್ನೊಂದು 10ಕೆ. ಇನ್‌ಪುಟ್ ಕೊಟ್ಟೇ ಇಲ್ಲ. ಎರಡೂ ಸಮ ಇರಬೇಕಲ್ವಾ? ವೈರಿಂಗ್ ಸರಿಯಿದೆ, ಅದನ್ನು ಮಾತ್ರ ಕೇಳಬೇಡಿ.

ಹಳೇ_ರೇಡಿಯೋ: ಟ್ರಾನ್ಸಿಸ್ಟರ್ ಮ್ಯಾಚ್ ಆಗಿಲ್ಲ. ಹತ್ತಿಪ್ಪತ್ತು ತಂದು, ಮೀಟರ್‌ನಲ್ಲಿ ಎಚ್‌ಎಫ್‌ಇ (ಕರೆಂಟ್ ಗೇನ್) ನೋಡಿ ಜೋಡಿ ಆರಿಸಿ.

ಸ್ಕೋಪ್_ಪ್ರಿಯ: ಎಚ್‌ಎಫ್‌ಇಗಿಂತ ಬೇಸ್-ಎಮಿಟರ್ ವೋಲ್ಟೇಜ್ ಮುಖ್ಯ ಸರ್. ಅದರಲ್ಲಿ 18 ಮಿಲಿವೋಲ್ಟ್ ಹೆಚ್ಚುಕಮ್ಮಿಯಾದರೆ ಕರೆಂಟ್ ಒಂದಕ್ಕೆರಡು ಆಗುತ್ತದೆ. ಹಾಗಂತ ಒಂದು ಪೂರ್ತಿ ಆಫ್ ಆಗುವುದಿಲ್ಲ. ಎರಡನ್ನೂ ಅದಲು ಬದಲು ಮಾಡಿ ನೋಡಿ.

ಬೆಸುಗೆ_ಹುಡುಗ: ಮಾಡಿದೆ. 12 ಬಲಗಡೆಯೇ ಇದೆ.

ಹಳೇ_ರೇಡಿಯೋ: ಮ್ಯಾಚಿಂಗೇ. ನಾನು ಹಾಕುವುದು ಸಿಎ3046 ಟ್ರಾನ್ಸಿಸ್ಟರ್ ಐಸಿ. ಜೋಡಿ ಒಂದೇ ಚಿಪ್‌ನೊಳಗಿರುತ್ತದೆ, ಬಿಸಿಯೂ ಒಂದೇ. ಟೈಲ್‌ಗೆ, ಅಂದರೆ ಎಮಿಟರ್‌ಗಳ ಕೆಳಗಿನ ರೆಸಿಸ್ಟರ್ ಜಾಗಕ್ಕೆ, ಕರೆಂಟ್ ಸೋರ್ಸ್. ಕಾಮನ್ ಮೋಡ್ (ಎರಡೂ ಬೇಸ್‌ಗಳಿಗೆ ಸಮನಾಗಿ ಬರುವ ಸಿಗ್ನಲ್), ಅಂದರೆ ವಿ1 + ವಿ2, ಹತ್ತಿರವೂ ಸುಳಿಯುವುದಿಲ್ಲ.

ಸ್ಕೋಪ್_ಪ್ರಿಯ: ವಿ1 + ವಿ2ರ ಅರ್ಧ. ಬೇಸ್‌ಗಳು 2.01 ಮತ್ತು 1.99 ಇದ್ದರೆ ಡಿಫರೆನ್ಷಿಯಲ್ 0.02, ಕಾಮನ್ 2.

ಹಳೇ_ರೇಡಿಯೋ: ಅರ್ಧವೋ ಪೂರ್ತಿಯೋ, ಬೇಡದ್ದು ತಾನೇ?

ಸ್ಕೋಪ್_ಪ್ರಿಯ: ಗೇನ್ ಲೆಕ್ಕ ಎರಡು ಪಟ್ಟು ತಪ್ಪುತ್ತದೆ ಸರ್.

ಮೈನಸ್_ರೈಲ್: ಬಲಗಡೆ ಬೇಸ್ ಎಲ್ಲಿಗೆ ಹೋಗಿದೆ?

ಬೆಸುಗೆ_ಹುಡುಗ: 10 ಮೈಕ್ರೋಫ್ಯಾರಡ್ ಮೂಲಕ ಗ್ರೌಂಡಿಗೆ. ಎಡಗಡೆ ಬೇಸ್‌ನಿಂದ ಗ್ರೌಂಡಿಗೆ 10ಕೆ ಇದೆ.

ಮೈನಸ್_ರೈಲ್: ಅಲ್ಲೇ ಇದೆ. ಕೆಪಾಸಿಟರ್ ಡಿಸಿ ಬಿಡುವುದಿಲ್ಲ. ಬೇಸ್ ಕರೆಂಟ್‌ಗೆ ದಾರಿಯಿಲ್ಲದೆ ಬಲಗಡೆಯದು ಆಫ್ ಆಗಿದೆ. ಟೈಲ್‌ನ 1.1 ಮಿಲಿಆಂಪ್ ಪೂರ್ತಿ ಎಡಗಡೆ ಹರಿದು, ಅಲ್ಲಿನ ಕಲೆಕ್ಟರ್‌ನ 10ಕೆ ಮೇಲೆ 11 ವೋಲ್ಟ್‌ಗಿಂತ ಜಾಸ್ತಿ ಬೀಳುತ್ತಿದೆ. ಉಳಿದದ್ದೇ ನಿಮ್ಮ 0.7. ಬೇಸ್‌ನಿಂದ ಗ್ರೌಂಡಿಗೆ ರೆಸಿಸ್ಟರ್ ಹಾಕಿ.

ಬೆಸುಗೆ_ಹುಡುಗ: ಕೈಗೆ ಸಿಕ್ಕ 47ಕೆ ಹಾಕಿದೆ. ಎಡ 3.9, ಬಲ 8.8. ಈಗಲೂ ಸಮ ಇಲ್ಲವಲ್ಲ!

ಹಳೇ_ರೇಡಿಯೋ: ಹೇಳಿದೆನಲ್ಲ, ಮ್ಯಾಚಿಂಗ್.

ಮೈನಸ್_ರೈಲ್: ಅಲ್ಲ ಸರ್. ಬೇಸ್ ಕರೆಂಟ್ ಒಂದೆರಡು ಮೈಕ್ರೋಆಂಪ್ ಇದ್ದರೂ 47ಕೆ ಮೇಲೆ ಹತ್ತಾರು ಮಿಲಿವೋಲ್ಟ್ ಬೀಳುತ್ತದೆ. ಎಡಗಡೆ ಅಷ್ಟು ಬೀಳುವುದಿಲ್ಲ. ಸಿಗ್ನಲ್ ಇಲ್ಲದೆಯೇ ಡಿಫರೆನ್ಷಿಯಲ್ ವೋಲ್ಟೇಜ್ ಹುಟ್ಟಿಕೊಂಡಿದೆ. ಎರಡೂ ಕಡೆ 10ಕೆ ಇರಲಿ.

ಬೆಸುಗೆ_ಹುಡುಗ: 6.2, 6.5! ತುಂಬಾ ಥ್ಯಾಂಕ್ಸ್.

ಹಳೇ_ರೇಡಿಯೋ: ಆ 0.3 ಇದೆಯಲ್ಲ, ಅದು ಮ್ಯಾಚಿಂಗ್.

ಸ್ಕೋಪ್_ಪ್ರಿಯ: ಅಷ್ಟರ ಮಟ್ಟಿಗೆ ಒಪ್ಪುತ್ತೇನೆ. ಎರಡರ ಚಪ್ಪಟೆ ಮುಖವನ್ನು ಒಂದಕ್ಕೊಂದು ತಾಗಿಸಿ ಅಂಟಿಸಿ. ಬಿಸಿ ಒಂದು ಡಿಗ್ರಿ ಬೇರೆಯಾದರೂ ಸುಮಾರು 2 ಮಿಲಿವೋಲ್ಟ್ ಜಾರುತ್ತದೆ.