ಡಬ್ಬಿ ಹುಡುಕೋಕೆ ಕೈ ಜಿಪಿಎಸ್ ಯಾವುದು ತಗೊಳ್ಳಲಿ? ಅನುಭವ ಇದ್ದವರು ಹೇಳಿ

ಸರಸ್ವತಿಪುರಂ ಹೊಸಬ:
ನಮಸ್ಕಾರ ಎಲ್ಲರಿಗೂ. ಮೂರು ತಿಂಗಳಿಂದ ಜಿಯೋಕ್ಯಾಶಿಂಗ್ ಹುಚ್ಚು ಹತ್ತಿದೆ, ಅದೇ, ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ. ಇಲ್ಲಿಯವರೆಗೆ ಫೋನ್ ಹಿಡಿದೇ ಡಬ್ಬಿ ಹುಡುಕಿದ್ದೇನೆ. ಈಗ ಒಂದು ಕೈ ಜಿಪಿಎಸ್ ತಗೋಬೇಕು ಅಂತ ಆಸೆ. ಬಜೆಟ್ ₹15,000, ಜಗ್ಗಿದರೆ 18. ಜೊತೆಗೆ ಒಂಬತ್ತು ವರ್ಷದ ಮಗಳು ಬರುತ್ತಾಳೆ. ಅವಳೇ ಹಿಡ್ಕೊಳ್ಳೋದು, ಬಿದ್ದರೆ ಒಡೆಯಬಾರದು. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 22ಎಕ್ಸ್ ಸಾಕಾ, 32ಎಕ್ಸ್‌ಗೆ ಹೋಗಬೇಕಾ? ಹಳೆಯದಾದರೂ ಪರವಾಗಿಲ್ಲ.

ಕುವೆಂಪುನಗರ ಅಲೆಮಾರಿ:
ನನ್ನದು ಇಟ್ರೆಕ್ಸ್ 10. ಕಪ್ಪು ಬಿಳುಪು ಪರದೆ, ಕಾರ್ಡ್ ಹಾಕೋಕೆ ಜಾಗ ಇಲ್ಲ, ನೋಡಿದವರೆಲ್ಲ ನಗುತ್ತಾರೆ. ನಗಲಿ. ಸೆಕೆಂಡ್ ಹ್ಯಾಂಡ್ ₹5,800ಕ್ಕೆ ತಗೊಂಡು ಏಳು ವರ್ಷ ಆಯಿತು. ಎರಡು ಡಬಲ್ ಎ ಸೆಲ್ಲಿಗೆ ಕಂಪನಿ 25 ಗಂಟೆ ಅನ್ನುತ್ತದೆ, ನನಗೆ ಮೂರು ಭಾನುವಾರ ಬರುತ್ತದೆ. ಆದರೆ ಲೆಕ್ಕ ಪೂರ್ತಿ ಹೇಳಿಬಿಡುತ್ತೇನೆ. ರೀಚಾರ್ಜ್ ಸೆಲ್ ನಾಲ್ಕು, ಚಾರ್ಜರ್ ಒಂದು, ಒಟ್ಟು ₹1,950. ಮೊದಲ ತಿಂಗಳು ಸೆಲ್ ಬೇಗ ಖಾಲಿ ತೋರಿಸುತ್ತಿತ್ತು, ಡೂಪ್ಲಿಕೇಟ್ ಕೊಟ್ಟಿದ್ದಾನೆ ಅಂತ ಅಂಗಡಿಯವನ ಜೊತೆ ದೊಡ್ಡ ಜಗಳ ಆಡಿ ಬಂದೆ. ಆಮೇಲೆ ನೋಡಿದರೆ ಸೆಟ್ಟಿಂಗ್‌ನಲ್ಲಿ ಆಲ್ಕಲೈನ್ ಅಂತ ಇತ್ತು, ರೀಚಾರ್ಜ್ ಸೆಲ್ಲಿಗೆ ಬದಲಾಯಿಸಿಯೇ ಇರಲಿಲ್ಲ. ಆ ಅಂಗಡಿ ಮುಂದೆ ಇವತ್ತಿಗೂ ಹೆಲ್ಮೆಟ್ ತೆಗೆಯಲ್ಲ.

ಆಮೇಲೆ ಕೇಬಲ್. ಇದಕ್ಕೆ ಬೇಕಾಗಿರೋದು ಮಿನಿ ಯುಎಸ್‌ಬಿ. ಮೈಕ್ರೋ ಅಲ್ಲ, ಸಿ ಅಲ್ಲ. ದೇವರಾಜ ಅರಸು ರಸ್ತೆಯ ಈ ತುದಿಯಿಂದ ಆ ತುದಿವರೆಗೆ ಕೇಳಿದೆ, ಎಲ್ಲರೂ ಮೈಕ್ರೋ ಕೈಗಿಟ್ಟು "ಇದೇ ಸಾರ್" ಅನ್ನುತ್ತಾರೆ. ಕೊನೆಗೆ ಹಳೇ ಕ್ಯಾಮೆರಾ ರಿಪೇರಿ ಮಾಡುವವರ ಹತ್ತಿರ ₹60ಕ್ಕೆ ಸಿಕ್ಕಿತು. ಒಂದೇ ಕೊರತೆ, ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ. ನಡೆಯುತ್ತಿದ್ದರೆ ಬಾಣ ಸರಿ ತೋರಿಸುತ್ತೆ, ನಿಂತರೆ ಗಾಣದ ಎತ್ತಿನ ಹಾಗೆ ಸುತ್ತುತ್ತೆ. 22ಎಕ್ಸ್‌ದೂ ಇದೇ ಕಥೆ, 32ಎಕ್ಸ್‌ನಲ್ಲಿ ದಿಕ್ಸೂಚಿ ಇದೆ.

ಫೋನ್ ಸಾಕು:
ದುಡ್ಡು ಹಾಳು ಮಾಡಬೇಡಿ. ನಾನು ಮಾಡಿದ್ದೇನೆ, ಒಬ್ಬ ಮಾಡಿದ್ದು ಸಾಕು. ಟಚ್ ಸ್ಕ್ರೀನ್‌ದು ತಗೊಂಡಿದ್ದೆ, ಮಾಡೆಲ್ ಹೆಸರು ಹೇಳಲ್ಲ, ₹34,000. ನೀರು ಹೋಗಲ್ಲ ಅಂತ ಡಬ್ಬದ ಮೇಲೆ ಬರೆದಿತ್ತು. ಎರಡನೇ ಮಳೆಗಾಲದಲ್ಲಿ ಕೆಆರ್‌ಎಸ್ ಹಿನ್ನೀರಿನ ಹತ್ತಿರ ಜಿಟಿಜಿಟಿ ಮಳೆ, ಅಷ್ಟೇ, ಗಾಜಿನ ಒಳಗೆ ಹಬೆ ಕೂತಿತು. ಕೊರಿಯರ್ ₹480. ಒಂಬತ್ತು ವಾರ ಸುದ್ದಿ ಇಲ್ಲ. ಆಮೇಲೆ ರಿಪೇರಿಗೆ ₹14,200 ಅಂದರು. ಬೇಡ ಅಂದೆ. ಬೇಡ ಅಂದಿದ್ದಕ್ಕೂ ಬಿಚ್ಚಿ ನೋಡಿದ ಚಾರ್ಜು ₹1,180! ವಾಪಸ್ ಬಂದಾಗ ಒಂದು ಸ್ಕ್ರೂ ಇರಲಿಲ್ಲ. ಮನೆಯಲ್ಲಿ ಹೊಸ ಫ್ರಿಜ್ ಮಾತು ಬಂದಾಗಲೆಲ್ಲ ಈ ಕಥೆಯೂ ಬರುತ್ತದೆ.

ಈಗ ಫೋನು, ಅದರಲ್ಲಿ ಡಬ್ಬಿ ಹುಡುಕುವ ಸಿ:ಜಿಯೋ ಆಪ್, ಮ್ಯಾಪ್ ಮೊದಲೇ ಇಳಿಸಿಕೊಂಡಿರುತ್ತೇನೆ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಕುವೆಂಪುನಗರ ಅಲೆಮಾರಿ:
ಫೋನ್ ಸಾಕು ಅವರೇ, ಕುಂತಿಬೆಟ್ಟದ ಆ ಡಬ್ಬಿ ಇಟ್ಟಿದ್ದು ನೀವೇ ಅಲ್ವಾ? ಫೋನಲ್ಲಿ ಪಾಯಿಂಟ್ (ಜಾಗದ ಅಕ್ಷಾಂಶ ರೇಖಾಂಶ) ತೆಗೆದು ಹಾಕಿದ್ದೀರಿ, 20 ಮೀಟರ್ ಆಚೆ ಇದೆ. ಎರಡು ಸಲ ಹೋಗಿ ಬರಿಗೈಲಿ ಬಂದಿದ್ದೇನೆ. ಪೆಟ್ರೋಲ್ ದುಡ್ಡು ಕೊಡ್ತೀರಾ?

ಫೋನ್ ಸಾಕು:
ನಿಮಗೆ ಸಿಗದಿದ್ದರೆ ನನ್ನ ತಪ್ಪಾ? ಆಮೇಲೆ ಹೋದ ಇಬ್ಬರು ಡಬ್ಬಿಯೊಳಗಿನ ಲಾಗ್ ಪುಸ್ತಕದಲ್ಲಿ ಸಹಿ ಹಾಕಿದ್ದಾರೆ. ಕಷ್ಟದ ಮಟ್ಟ 5ಕ್ಕೆ 3.5 ಅಂತ ಬರೆದಿದ್ದೇನೆ, ಓದಿಕೊಂಡು ಬರಬೇಕು. ಗಾಣದ ಎತ್ತನ್ನ ಹಿಡ್ಕೊಂಡು ಬಂದರೆ ಹೀಗೇ.

ನಿವೃತ್ತ ಸರ್ವೇಯರ್, ಪಾಂಡವಪುರ:
ಇಬ್ಬರೂ ಸುಮ್ನಿರಿ. ಕುಂತಿಬೆಟ್ಟದಲ್ಲಿ ಯಾವ ಯಂತ್ರ ಹಿಡಿದರೂ ತಪ್ಪುತ್ತದೆ, ಬಂಡೆಗೆ ಬಡಿದು ಬಂದ ಸಿಗ್ನಲ್ ಅದು. ಬಯಲಲ್ಲಿ 3ರಿಂದ 5 ಮೀಟರ್ ಬರುವುದು ಬಂಡೆ ಸಂದಿಯಲ್ಲಿ ಬರಲ್ಲ. ಡಬ್ಬಿ ಇಡುವವರು ಒಂದೇ ಸಲ ಪಾಯಿಂಟ್ ತೆಗೆದು ಓಡಿಹೋಗಬಾರದು, ಬೇರೆ ಬೇರೆ ಹೊತ್ತಿನಲ್ಲಿ ತೆಗೆದು ಸರಾಸರಿ ಮಾಡಬೇಕು. ಗಾರ್ಮಿನ್‌ನಲ್ಲಿ ಅದಕ್ಕೇ ಒಂದು ಆಯ್ಕೆ ಇದೆ.

ನಾನು ಈ ಆಟಕ್ಕೆ ಬಂದಿದ್ದು ರಿಟೈರ್ ಆದ ಮೇಲೆ. ಆದರೆ ಜಿಪಿಎಸ್ ಹಿಡಿದಿದ್ದು 2000ಕ್ಕೂ ಮೊದಲು. ಆಗ ಅಮೆರಿಕದವರು ಬೇಕಂತಲೇ ಸಿಗ್ನಲ್ ಕೆಡಿಸಿ ಬಿಡುತ್ತಿದ್ದರು, 100 ಮೀಟರ್ ಆಚೀಚೆ ತೋರಿಸೋದು. 2000ದ ಮೇ ತಿಂಗಳ ಶುರುವಿನಲ್ಲಿ ಅದನ್ನು ನಿಲ್ಲಿಸಿದರು. ಅದಾದ ಒಂದೆರಡು ದಿನಕ್ಕೇ ಆರೆಗನ್‌ನಲ್ಲಿ ಒಬ್ಬ ಕಾಡಿನಲ್ಲಿ ಬಕೆಟ್ ಇಟ್ಟು ಈ ಆಟ ಶುರು ಮಾಡಿದ. ಇಷ್ಟೆಲ್ಲ ಗೊತ್ತಿದ್ದ ನಾನೇ ಮೊದಲ ಡಬ್ಬಿಗೆ ಎಡವಿದೆ. ಅಕ್ಷಾಂಶ 30.500 ನಿಮಿಷ, ಅಂದರೆ ಮೂವತ್ತೂವರೆ, ಅಂತ ಇದ್ದದ್ದನ್ನು ಹಳೇ ಅಭ್ಯಾಸದಲ್ಲಿ 30 ನಿಮಿಷ 50 ಸೆಕೆಂಡ್ ಅಂತ ಓದಿ 600 ಮೀಟರ್ ಆಚೆ ಯಾರದೋ ತೆಂಗಿನ ತೋಟದಲ್ಲಿ ನಿಂತಿದ್ದೆ. ತೋಟದವನು ಎಳನೀರು ಕೊಟ್ಟ, ಅದು ಬೇರೆ ವಿಷಯ. ಯಂತ್ರದ ಸೆಟ್ಟಿಂಗ್‌ನಲ್ಲಿ ಡೇಟಮ್, ಅಂದರೆ ಜಾಗದ ಲೆಕ್ಕಕ್ಕೆ ಹಿಡಿಯುವ ಆಧಾರ, ಡಬ್ಲ್ಯುಜಿಎಸ್ 84 ಇದೆಯಾ ನೋಡಿಕೊಳ್ಳಿ. ಇಂಡಿಯನ್ ಅಂತ ಹೆಸರಿದೆ ಅಂತ ದೇಶಪ್ರೇಮದಿಂದ ಅದನ್ನು ಹಾಕಬೇಡಿ, ಅದು ಹಳೇ ನಕ್ಷೆಗಳ ಲೆಕ್ಕ.

ಕಬ್ಬಿನಗದ್ದೆ ಮಂಡ್ಯ:
ಮೇಷ್ಟ್ರೇ, ನಾನು 22ಎಕ್ಸ್ ಇಟ್ಕೊಂಡಿದ್ದೀನಿ, ಡಬ್ಬಿಗೂ ಆಯಿತು ಗದ್ದೆ ಅಳೆಯೋಕೂ ಆಯಿತು ಅಂತ ₹21,500 ಕೊಟ್ಟೆ. ಬದುವಿನ ಮೇಲೆ ಒಂದು ಸುತ್ತು ನಡೆದರೆ ವಿಸ್ತೀರ್ಣ ತೋರಿಸುತ್ತೆ. ಪಕ್ಕದ ಗದ್ದೆಯವರು ನಮ್ಮದು 2 ಗುಂಟೆ ಒತ್ತಿದ್ದಾರೆ ಅಂತ ಇದರಲ್ಲೇ ಕಂಡುಹಿಡಿದೆ.

ನಿವೃತ್ತ ಸರ್ವೇಯರ್, ಪಾಂಡವಪುರ:
ನಾನು ಮೇಷ್ಟ್ರಲ್ಲ. 1 ಗುಂಟೆ ಅಂದರೆ 33 ಅಡಿಗೆ 33 ಅಡಿ, ಸುಮಾರು 10 ಮೀಟರ್ ಚೌಕ. ನಿನ್ನ ಯಂತ್ರವೇ 3-4 ಮೀಟರ್ ಅಲ್ಲಾಡುತ್ತೆ. ಅದನ್ನ ಹಿಡ್ಕೊಂಡು ಗುಂಟೆ ಜಗಳಕ್ಕೆ ಹೋದೆಯಾ ಮಾರಾಯಾ?

ಕಬ್ಬಿನಗದ್ದೆ ಮಂಡ್ಯ:
ನಿಮ್ಮ ಅಳತೆ ಸರಪಳಿ ಏನು ಕಮ್ಮಿ ಅಲ್ಲಾಡ್ತಿತ್ತಾ? ಅರ್ಜಿ ಕೊಟ್ಟು ವರ್ಷ ಆಯಿತು, ಅಳೆಯೋಕೆ ಯಾರೂ ಬಂದಿಲ್ಲ. ಬಂದಿದ್ದರೆ ನಾನ್ಯಾಕೆ ಇದನ್ನ ತಗೋತಿದ್ದೆ.

ಬೋಗಾದಿ ಅಕ್ಕ:
ಗದ್ದೆ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ನನ್ನದು ಗಾರ್ಮಿನ್ ಜಿಪಿಎಸ್‌ಮ್ಯಾಪ್ 64ಎಸ್, ಹಳೆಯದೇ, ₹16,000. ತಲೆ ಮೇಲೆ ಕೊಂಬಿನ ಹಾಗೆ ಆಂಟೆನಾ ಇದೆ, ಮರದ ಕೆಳಗೂ ಸಿಗ್ನಲ್ ಬಿಡಲ್ಲ. ಬಟನ್ ಇರೋದ್ರಿಂದ ಒದ್ದೆ ಕೈಯಲ್ಲೂ ಆಗುತ್ತೆ. ಕೊರಳಿಗೆ ದಾರ ಹಾಕಿ, ಇದು ಮುಖ್ಯ. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಕೋತಿ ಕಿತ್ಕೊಂಡು ಹೋಗಿ ಹದಿನೈದು ನಿಮಿಷ ಕಚ್ಚಿ ನೋಡಿ ಬಂಡೆ ಮೇಲೆ ಬಿಸಾಕಿತು. ಹಲ್ಲಿನ ಗುರುತು ಇದೆ, ಯಂತ್ರ ಇವತ್ತಿಗೂ ನಡೆಯುತ್ತಿದೆ. ಒಂದು ಚಿಕ್ಕಬಾಳೆಯ ಚಿಪ್ಪು ಖರ್ಚಾಯಿತು.

ಇನ್ನೊಂದು, ಹೊರದೇಶದಿಂದ ತರಿಸುವುದಾದರೆ ಇನ್‌ರೀಚ್ ಇರೋದು ಬೇಡವೇ ಬೇಡ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಯಂತ್ರ ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಇಲ್ಲಿ ಅಪರಾಧ, ಪ್ರವಾಸಿಗರನ್ನ ಏರ್‌ಪೋರ್ಟಲ್ಲೇ ಹಿಡಿದಿದ್ದಾರೆ. ನನ್ನ ತಮ್ಮ ಗೊತ್ತಿಲ್ಲದೆ ಹೊರದೇಶದಲ್ಲಿ ಇನ್‌ರೀಚ್ ಇರುವ 66ಐ ಆರ್ಡರ್ ಮಾಡಿಬಿಟ್ಟಿದ್ದ. ರದ್ದು ಮಾಡಿಸೋಷ್ಟರಲ್ಲಿ ಇಬ್ಬರೂ ಮಾತು ಬಿಟ್ಟಿದ್ದೆವು.

ಸರಸ್ವತಿಪುರಂ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಆದರೆ 22ಎಕ್ಸಾ 32ಎಕ್ಸಾ? ಮಗಳು ದಿನಾ ಕೇಳುತ್ತಿದ್ದಾಳೆ.

ಕಬ್ಬಿನಗದ್ದೆ ಮಂಡ್ಯ:
ಸಾರ್, ನನ್ನ 22ಎಕ್ಸ್ ಕೊಟ್ಟುಬಿಡ್ತೀನಿ, ₹14,000. ಮೂರು ತಿಂಗಳು ಬಳಸಿದ್ದು, ಗೀರು ಇಲ್ಲ. ಕೇಬಲ್ ಮಾತ್ರ ಕಳೆದಿದೆ.

ಕುವೆಂಪುನಗರ ಅಲೆಮಾರಿ:
ಕೇಬಲ್ ನನ್ನ ಹತ್ತಿರ ಒಂದು ಜಾಸ್ತಿ ಇದೆ. ₹200.

ಫೋನ್ ಸಾಕು:
₹60ಕ್ಕೆ ತಗೊಂಡಿದ್ದನ್ನ?